ಶಾಲೆ ಶೂ ಯಾವಾಗ ಕೊಳ್ಳೋದು? ಏಪ್ರಿಲ್, ಮೇ, ಜೂನ್, ದಸರಾ ನಾಲ್ಕನ್ನೂ ನೋಡಿ ಬರೆದದ್ದು

ಯಾವ ಕಂಪನಿ ಶೂ ಒಳ್ಳೆಯದು ಅಂತ ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಯಾವಾಗ ಕೊಳ್ಳಬೇಕು ಅಂತ ಕೇಳಿದರೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ: ಶಾಲೆ ಶುರುವಾಗೋ ಮುಂಚೆ. ನನಗೆ ಈ ಉತ್ತರ ಸಾಲದು. ಮನೆಯಲ್ಲಿ ಇಬ್ಬರು ಮಕ್ಕಳು. ದೊಡ್ಡವನು ಆರನೇ ಕ್ಲಾಸ್, ಚಿಕ್ಕವಳು ಒಂದನೇ ಕ್ಲಾಸ್. ಊರು ಶಿವಮೊಗ್ಗ. ಇಲ್ಲಿ ಶಾಲೆಯ ಬಾಗಿಲು ತೆಗೆಯುವುದಕ್ಕೂ ಮಳೆ ಹಿಡಿಯುವುದಕ್ಕೂ ಹೆಚ್ಚು ದಿನಗಳ ಅಂತರ ಇರುವುದಿಲ್ಲ. ಬೇರೆ ಬೇರೆ ವರ್ಷ ಬೇರೆ ಬೇರೆ ತಿಂಗಳಲ್ಲಿ ಶೂ ಕೊಂಡು ನೋಡಿದ್ದೇನೆ. ವ್ಯತ್ಯಾಸ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ.

ಹೋಲಿಸುವ ಮೊದಲು ಸ್ವಲ್ಪ ಲೆಕ್ಕ. ನಮ್ಮಲ್ಲಿ ಸಿಗುವ ಹೆಚ್ಚಿನ ಶಾಲೆ ಶೂಗಳ ಮೇಲೆ ಇರುವುದು ಬ್ರಿಟನ್ನಿನ ಸೈಜ್ ನಂಬರ್. ಮಕ್ಕಳ ನಂಬರ್ 13ರವರೆಗೆ ಹೋಗಿ, ಮತ್ತೆ 1ರಿಂದ ಶುರುವಾಗುತ್ತದೆ. ಮಗನಿಗೆ 13 ಆದ ಮೇಲೆ 1 ಅಂದಾಗ ಗಾಬರಿ ಬೀಳಬೇಡಿ. ಒಂದು ನಂಬರಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಮೂರರಿಂದ ಆರು ವರ್ಷದ ಮಕ್ಕಳ ಪಾದ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಬೆಳೆಯುತ್ತದೆ. ಆಮೇಲೆ ವೇಗ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾಗಿ ಚಿಕ್ಕವರು ಎಂಟು ಒಂಬತ್ತು ತಿಂಗಳಿಗೇ ಒಂದು ನಂಬರ್ ದಾಟಿಬಿಡುತ್ತಾರೆ. ಹತ್ತು ಹನ್ನೊಂದರ ಮಕ್ಕಳಿಗೆ ಒಂದು ವರ್ಷ ಹಿಡಿಯಬಹುದು. ಜೂನ್‌ನಿಂದ ಮುಂದಿನ ಏಪ್ರಿಲ್‌ವರೆಗೆ ಹತ್ತು ತಿಂಗಳು. ಪುಟ್ಟ ಮಗುವಿಗೆ ಒಂದೇ ಜೊತೆ ಶೂ ಇಡೀ ವರ್ಷಕ್ಕೆ ಸಾಲುವುದಿಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಎರಡು ನಂಬರ್ ದೊಡ್ಡದು ತಗೊಂಡು ತುದಿಗೆ ಹತ್ತಿ ತುರುಕುವ ಉಪಾಯ ಎಲ್ಲ ಮನೆಯಲ್ಲೂ ಇದೆ. ಆ ಶೂನಲ್ಲಿ ಮಗು ನಡೆಯುವುದಿಲ್ಲ, ಕಾಲು ಎಳೆಯುತ್ತದೆ.

ಏಪ್ರಿಲ್, ಪರೀಕ್ಷೆ ಮುಗಿದ ಕೂಡಲೇ

ರಜೆ ಶುರುವಾದ ಮೊದಲ ವಾರ ಗಾಂಧಿ ಬಜಾರ್‌ನಲ್ಲಿ ಶಾಲೆ ಶೂ ಕೇಳುವವರೇ ಇರುವುದಿಲ್ಲ. ಅಂಗಡಿಯವರಿಗೆ ಪುರಸೊತ್ತು ಇರುತ್ತದೆ. ಸ್ಟೂಲ್ ಹಾಕಿ ಕೂರಿಸಿ, ಎರಡು ಕಾಲಿಗೂ ಹಾಕಿ ನೋಡುತ್ತಾರೆ. ಹಳೇ ಸ್ಟಾಕ್ ಖಾಲಿ ಮಾಡಬೇಕು ಅಂತ ಬೆಲೆಯನ್ನೂ ಇಳಿಸುತ್ತಾರೆ. ಅಗ್ಗ ಬೇಕು ಅನ್ನುವವರಿಗೆ ಇದೇ ಕಾಲ.

ಆದರೆ ಆ ಅಗ್ಗದ ಶೂ ಮುಂದಿನ ಏಳು ವಾರ ಡಬ್ಬದಲ್ಲಿ ಮಲಗಿರುತ್ತದೆ, ಕಾಲು ಮಲಗಿರುವುದಿಲ್ಲ. ಚಿಕ್ಕವಳಿಗೆ ಆ ಏಳು ವಾರದಲ್ಲಿ ಒಂದೂವರೆ ಮಿಲಿಮೀಟರ್ ಹೋಯಿತು. ಒಂದು ನಂಬರಿನ ಆರನೇ ಒಂದು ಭಾಗಕ್ಕಿಂತ ಜಾಸ್ತಿ, ಒಂದು ದಿನವೂ ಹಾಕದೇ. ಅಷ್ಟೇ ಅಲ್ಲ, ರಜೆಯಲ್ಲಿ ಮಕ್ಕಳು ಅಜ್ಜಿ ಮನೆಯಲ್ಲಿ ಬರಿಗಾಲಲ್ಲೇ ಇರುತ್ತಾರೆ. ತೀರ್ಥಹಳ್ಳಿಯಿಂದ ವಾಪಸ್ ಬಂದಾಗ ಇಬ್ಬರ ಪಾದವೂ ಮುಂಭಾಗದಲ್ಲಿ ಅಗಲವಾದ ಹಾಗೆ ಕಾಣುತ್ತಿತ್ತು. ಏಪ್ರಿಲ್‌ನಲ್ಲಿ ಸರಿಯಾಗಿ ಕೂತಿದ್ದ ಶೂ ಜೂನ್‌ನಲ್ಲಿ ಕಿರುಬೆರಳಿನ ಹತ್ತಿರ ಕಚ್ಚಿತು. ಬದಲಾಯಿಸೋಣ ಅಂದರೆ ಅಂಗಡಿಯ ಗಡುವು ಮುಗಿದಿತ್ತು.

ಹಳೇ ಸ್ಟಾಕ್ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಹಗುರವಾದ, ಮೆತ್ತಗಿನ ಸೋಲ್ ಹೆಚ್ಚಾಗಿ ಪಾಲಿಯುರಿಥೇನ್. ಇದು ಗಾಳಿಯ ತೇವ ಹೀರಿ, ಬಳಸದೇ ಇಟ್ಟರೂ ಒಳಗೊಳಗೇ ಹಾಳಾಗುತ್ತದೆ. ತುಂಬ ದಿನ ಇಟ್ಟ ಶೂವನ್ನು ಮೊದಲ ಸಲ ಹಾಕಿದಾಗ ಸೋಲ್ ಪುಡಿಪುಡಿಯಾಗಿ ಉದುರುವುದನ್ನು ನೀವೂ ನೋಡಿರಬಹುದು. ಮಲೆನಾಡಿನ ತೇವದಲ್ಲಿ ಇದು ಇನ್ನೂ ಬೇಗ. ಡಬ್ಬದ ಮೇಲೆ ಎಂಆರ್‌ಪಿ ಪಕ್ಕದಲ್ಲೇ ತಯಾರಾದ ತಿಂಗಳು, ವರ್ಷ ಇರುತ್ತದೆ. ಡಿಸ್ಕೌಂಟ್ ಚೀಟಿ ಓದುವ ಮೊದಲು ಅದನ್ನು ಓದಿ. ಪಿವಿಸಿ ಸೋಲ್‌ಗೆ ಈ ಕಾಟ ಇಲ್ಲ. ಅದು ಭಾರ, ಸ್ವಲ್ಪ ಬಿರುಸು, ಆದರೆ ಇಟ್ಟರೆ ಉದುರುವುದಿಲ್ಲ.

ಮೇ ತಿಂಗಳು

ಮೇ ಅಂದರೆ ಒಂದಲ್ಲ, ಎರಡು. ಮೂರನೇ ವಾರ ಬೇರೆ, ಕೊನೇ ವಾರ ಬೇರೆ. ಮೂರನೇ ವಾರಕ್ಕೆ ಹೊಸ ಮಾಲು ಬಂದಿರುತ್ತದೆ, ಎಲ್ಲ ನಂಬರೂ ಇರುತ್ತವೆ, ಜನ ಇನ್ನೂ ಮದುವೆ ಊಟದಲ್ಲಿ ಇರುತ್ತಾರೆ. ಕೊನೇ ವಾರ ಬಂದರೆ ನೆಹರು ರೋಡ್‌ನಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗ ಇಲ್ಲ. ಪುಸ್ತಕ, ಬ್ಯಾಗು, ಕೊಡೆ, ಯೂನಿಫಾರ್ಮ್ ಎಲ್ಲ ಮುಗಿಸಿ ಕೊನೆಗೆ ಶೂ ಅಂಗಡಿಗೆ ಬರುವಷ್ಟರಲ್ಲಿ ಮಗುವಿಗೆ ಸುಸ್ತು, ನಮಗೆ ಸಿಟ್ಟು. ಅಂಗಡಿಯಲ್ಲಿ ಆ ವಾರಕ್ಕೆಂದೇ ಸೇರಿಸಿಕೊಂಡ ಹೊಸ ಹುಡುಗರು ಇರುತ್ತಾರೆ. ಪಾಪ, ಅವರಿಗೂ ಸಾಕಾಗಿರುತ್ತದೆ. ನಾನು ನೋಡಿದ ಹಾಗೆ 12, 13, 1 ಈ ಮೂರು ನಂಬರು ಮೊದಲು ಖಾಲಿ. "ಮೇಡಂ, 13 ಇಲ್ಲ, 1 ತಗೊಳ್ಳಿ, ಹೇಗಿದ್ರೂ ಬೆಳೀತಾಳೆ" ಅನ್ನುತ್ತಾರೆ. ಇಪ್ಪತ್ತು ಜನ ಹಿಂದೆ ನಿಂತಿರುವಾಗ ನಾವೂ ಹೂಂ ಅಂದುಬಿಡುತ್ತೇವೆ. ಬೆಲೆಯಲ್ಲಿ ಒಂದು ರೂಪಾಯಿ ಚೌಕಾಸಿಯೂ ನಡೆಯುವುದಿಲ್ಲ.

ಒಂದು ಸಣ್ಣ ವಿಷಯ. ಮೇ ಮೂರನೇ ವಾರದಲ್ಲೂ ಸಂಜೆಯೇ ಹೋಗಿ. ದಿನವಿಡೀ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ. ಬೆಳಿಗ್ಗೆ ಸರಿಯಾದದ್ದು ಮಧ್ಯಾಹ್ನ ಮೂರಕ್ಕೆ ಬಿಗಿಯಾಗುತ್ತದೆ. ಮಗು ಅಷ್ಟು ಹೊತ್ತಿಗೆ ಇರುವುದು ಶಾಲೆಯಲ್ಲಿ ಅಲ್ವಾ?

ಜೂನ್ ಎರಡನೇ ಮೂರನೇ ವಾರ

ಜನ ಹೆಚ್ಚು ಹೆದರುವುದು ಇದಕ್ಕೇ. "ಮೊದಲ ದಿನ ಹಳೇ ಶೂ ಹಾಕಿ ಕಳಿಸೋದಾ?" ಅಂತ ನನ್ನ ಅತ್ತೆಯೇ ಕೇಳಿದರು. ಹೌದು, ಕಳಿಸಿದೆ. ಪಾಲಿಶ್ ಹಾಕಿ, ಹೊಸ ಸಾಕ್ಸ್ ಹಾಕಿ ಕಳಿಸಿದರೆ ಯಾರಿಗೂ ಗೊತ್ತಾಗಲಿಲ್ಲ. ಹಳೇ ಶೂನಲ್ಲಿ ಹೆಬ್ಬೆರಳಿನ ಮುಂದೆ ಅರ್ಧ ಸೆಂಟಿಮೀಟರ್ ಜಾಗ ಇದ್ದರೆ ಎರಡು ವಾರ ಧಾರಾಳವಾಗಿ ನಡೆಯುತ್ತದೆ. ಬೆರಳು ತಾಗುತ್ತಿದ್ದರೆ ಮಾತ್ರ ಕಾಯಬೇಡಿ.

ಕಾದಿದ್ದಕ್ಕೆ ಸಿಕ್ಕಿದ್ದು ಏನು? ಮೊದಲನೆಯದು, ಶಾಲೆಯವರು ನಿಜವಾಗಿ ಏನು ಕೇಳುತ್ತಾರೆ ಅಂತ ಗೊತ್ತಾಯಿತು. ಲೇಸ್ ಇರಬೇಕಾ, ವೆಲ್ಕ್ರೋ ಆಗುತ್ತಾ, ಶನಿವಾರಕ್ಕೆ ಬಿಳಿ ಕ್ಯಾನ್ವಾಸ್ ಬೇರೆ ಬೇಕಾ ಅನ್ನುವ ಸೂಚನೆ ಬರುವುದೇ ಶಾಲೆ ಶುರುವಾದ ಮೇಲೆ. ಎರಡನೆಯದು, ಅಂಗಡಿ ಖಾಲಿ. ಬದಲಾಯಿಸಲು ಬಂದವರು ವಾಪಸ್ ಕೊಟ್ಟ ನಂಬರುಗಳೂ, ಎರಡನೇ ಸಲ ತರಿಸಿದ ಮಾಲೂ ಇರುತ್ತದೆ. ದೊಡ್ಡವನಿಗೆ ಈ ಪದ್ಧತಿ ಎಷ್ಟು ಒಗ್ಗಿತು ಅಂದರೆ ಈಗ ಅವನೇ "ಜೂನ್‌ನಲ್ಲಿ ತಗೊಳ್ಳೋಣ" ಅನ್ನುತ್ತಾನೆ.

ತೊಂದರೆ ಒಂದೇ, ಮಳೆ. ಮುಂಗಾರು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳಕ್ಕೆ ಬರುತ್ತದೆ, ಕೆಲವೇ ದಿನಗಳಲ್ಲಿ ನಮ್ಮ ಕರಾವಳಿ ಮಲೆನಾಡಿಗೂ. ಹೊಸ ಶೂವನ್ನು ಒದ್ದೆ ಸಾಕ್ಸ್ ಜೊತೆ ಹಾಕಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಗ್ಯಾರಂಟಿ. ಹಾಗಾಗಿ ಮೊದಲ ನಾಲ್ಕೈದು ದಿನ ಮನೆಯೊಳಗೆ ಸಂಜೆ ಅರ್ಧ ಗಂಟೆ ಹಾಕಿಸಿ. ನೆನೆದ ಶೂವನ್ನು ಬಚ್ಚಲ ಒಲೆಯ ಹತ್ತಿರ ಇಟ್ಟರೆ ಅಂಟು ಬಿಟ್ಟು ಸೋಲ್ ಬಾಯಿ ತೆರೆಯುತ್ತದೆ. ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ತುರುಕಿ, ಫ್ಯಾನ್ ಕೆಳಗೆ ಇಡಿ. ಪೇಪರ್ ಒದ್ದೆಯಾದ ಹಾಗೆ ಬದಲಾಯಿಸುತ್ತಿರಬೇಕು.

ದಸರಾ ರಜೆ

ಇದನ್ನು ಹೇಳಿದವರು ನಮ್ಮ ಬೀದಿಯಲ್ಲೇ ಇರುವ ಟೀಚರ್ ಒಬ್ಬರು. ಕಪ್ಪು ಶೂವನ್ನು ಜೂನ್‌ನಲ್ಲಿ ಕೊಳ್ಳಲೇಬೇಡಿ, ಮಳೆಗಾಲಕ್ಕೆ ಪ್ಲಾಸ್ಟಿಕ್ ಸ್ಯಾಂಡಲ್, ಮಳೆ ಮುಗಿದ ಮೇಲೆ ಶೂ ಅಂದರು. ನಮ್ಮ ಕಡೆಯ ಎಷ್ಟೋ ಶಾಲೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಯಾಂಡಲ್‌ಗೆ ಬಿಡುತ್ತವೆ. ಸರ್ಕಾರಿ ಶಾಲೆಗಳಲ್ಲೂ ಸ್ಥಳೀಯ ಹವಾಮಾನ ನೋಡಿ ಶೂ ಬದಲು ಸ್ಯಾಂಡಲ್ ಕೊಡಲು ಅವಕಾಶ ಮಾಡಿದ್ದರು. ಚಿಕ್ಕವಳ ಶಾಲೆಯಲ್ಲಿ ಕೇಳಿದೆ, ಒಪ್ಪಿದರು. ಮುನ್ನೂರು ರೂಪಾಯಿ ಒಳಗೆ ಒಂದು ಸ್ಯಾಂಡಲ್ ಬಂತು. ನೆನೆದರೂ ಚಿಂತೆ ಇಲ್ಲ, ಒರೆಸಿದರೆ ಆಯಿತು. ಬೂಷ್ಟು ಹಿಡಿಯಲ್ಲ, ವಾಸನೆ ಇಲ್ಲ. ಅಕ್ಟೋಬರ್‌ನಲ್ಲಿ ಕೊಂಡ ಶೂ ಒಂದು ದಿನವೂ ಕೆಸರು ಕಾಣದೆ ಏಪ್ರಿಲ್‌ವರೆಗೆ ಬಂತು. ಅಳತೆಯೂ ಸರಿ ಇತ್ತು, ಯಾಕೆಂದರೆ ಅದು ನಡೆಯಬೇಕಾದದ್ದು ಆರೇ ತಿಂಗಳು.

ಆದರೆ ದಸರಾ ಸಮಯದಲ್ಲಿ ಅಂಗಡಿಯ ಮುಂಭಾಗದಲ್ಲಿ ಇರುವುದು ಹಬ್ಬದ ಬಣ್ಣಬಣ್ಣದ ಮಾಲು. ಶಾಲೆ ಶೂ ಕೇಳಿದರೆ ಮೇಲಿನ ಅಟ್ಟದಿಂದ ಇಳಿಸುತ್ತಾರೆ. ಇರುವ ನಂಬರಿನಲ್ಲೇ ಆರಿಸಬೇಕು. ದೊಡ್ಡವನ ನಂಬರ್ ಸಿಗದೇ ಹೋದದ್ದೂ ಇದೆ. ಅಟ್ಟದಿಂದ ಇಳಿದದ್ದಕ್ಕೆ ಡಬ್ಬದ ಮೇಲಿನ ತಿಂಗಳು ನೋಡುವುದು ಇಲ್ಲೂ ಕಡ್ಡಾಯ.

ಈ ಉಪಾಯ ಬೆಂಗಳೂರಿಗೆ ನಡೆಯಲ್ಲ. ಅಲ್ಲಿರುವ ನನ್ನ ತಂಗಿಗೆ ಹೇಳಿ ಬೈಸಿಕೊಂಡೆ. ಬೆಂಗಳೂರಿನಲ್ಲಿ ಜಾಸ್ತಿ ಮಳೆ ಸುರಿಯುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದಸರಾಕ್ಕೆ ಕೊಂಡ ಶೂ ನೇರ ನೀರಿಗೇ ಇಳಿಯುತ್ತದೆ. ಜೊತೆಗೆ ಅವಳ ಮಗನ ಶಾಲೆ ಏಪ್ರಿಲ್‌ನಲ್ಲೇ ಶುರುವಾಗಿ, ಕೆಲವು ದಿನ ನಡೆದು, ಮತ್ತೆ ರಜೆ ಕೊಡುತ್ತದೆ. ಅವಳು ಏಪ್ರಿಲ್ ಪೂರ್ತಿ ಹಳೇ ಶೂನಲ್ಲೇ ಕಳಿಸಿ ಜೂನ್‌ನಲ್ಲಿ ಕೊಳ್ಳುತ್ತಾಳೆ. ಅಲ್ಲಿಗೆ ಅದೇ ಸರಿ.

ಶಾಲೆಯವರೇ ಕೊಡುವ ಶೂ, ಆನ್‌ಲೈನ್ ಶೂ

ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲಿದ್ದ ಒಂದು ಖಾಸಗಿ ಶಾಲೆಯಲ್ಲಿ ಯೂನಿಫಾರ್ಮ್ ಜೊತೆ ಶೂವನ್ನೂ ಅಲ್ಲೇ ಕೊಳ್ಳಬೇಕಿತ್ತು. ಮಾರ್ಚ್‌ನಲ್ಲಿ ಅಳತೆ ಬರೆದುಕೊಂಡು ಜೂನ್‌ನಲ್ಲಿ ಕೊಟ್ಟರು. ಏಪ್ರಿಲ್ ಖರೀದಿಯ ಎಲ್ಲ ಕಷ್ಟ ಇದರಲ್ಲಿತ್ತು, ಡಿಸ್ಕೌಂಟ್ ಒಂದು ಇರಲಿಲ್ಲ. ಸರ್ಕಾರಿ ಶಾಲೆಗಳ ಪದ್ಧತಿ ಬೇರೆ. ಅಲ್ಲಿ ಒಂದರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಕೊಡಲು ಹಣ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಬರುತ್ತದೆ. 2022-23ರಲ್ಲಿ ಐದನೇ ಕ್ಲಾಸ್‌ವರೆಗೆ 265, ಎಂಟರವರೆಗೆ 295, ಒಂಬತ್ತು ಹತ್ತಕ್ಕೆ 325 ರೂಪಾಯಿ ಅಂತ ದರ ಇತ್ತು. ಆ ಹಣದಲ್ಲಿ ಎಷ್ಟು ಬಾಳಿಕೆಯ ಶೂ ಬರುತ್ತೆ ಅನ್ನುವುದು ಬೇರೆ ಮಾತು. ಆದರೆ ಮಕ್ಕಳು ಶಾಲೆಗೆ ಬಂದ ಮೇಲೆ, ಕಾಲು ಎದುರಿಗಿಟ್ಟುಕೊಂಡು ಅಳತೆ ತೆಗೆದರೆ ನಂಬರ್ ತಪ್ಪುವ ಸಂಭವ ಕಡಿಮೆ.

ಆನ್‌ಲೈನ್‌ನಲ್ಲಿ ಒಂದು ಅನುಕೂಲ ನಿಜಕ್ಕೂ ಇದೆ. ಸಂಜೆ, ಮನೆಯಲ್ಲೇ, ಶಾಲೆಯ ಸಾಕ್ಸ್ ಹಾಕಿಕೊಂಡೇ ನೋಡಬಹುದು. ಪೇಪರ್ ಮೇಲೆ ಮಗುವನ್ನು ನಿಲ್ಲಿಸಿ ಎರಡೂ ಪಾದದ ಗೆರೆ ಎಳೆಯಿರಿ. ಎಡಬಲ ಒಂದೇ ಸಮ ಇರುವುದು ಅಪರೂಪ. ದೊಡ್ಡ ಪಾದಕ್ಕೆ ಒಂದು ಸೆಂಟಿಮೀಟರ್ ಸೇರಿಸಿ, ಶೂ ಒಳಗಿನ ಅಟ್ಟೆಯನ್ನು ಹೊರಗೆ ತೆಗೆದು ಅದರ ಜೊತೆ ಹೋಲಿಸಿ. ಮೇ ಕೊನೆಯಲ್ಲಿ ಮಾತ್ರ ತರಿಸಬೇಡಿ. ವಾಪಸ್ ಕಳಿಸಿ ಬೇರೆ ನಂಬರ್ ಬರುವಷ್ಟರಲ್ಲಿ ಶಾಲೆ ಶುರುವಾಗಿರುತ್ತದೆ.

ಈಗ ನಮ್ಮ ಮನೆಯ ಪದ್ಧತಿ

ಚಿಕ್ಕವಳಿಗೆ ಜೂನ್‌ಗೆ ಸ್ಯಾಂಡಲ್, ದಸರಾ ರಜೆಯಲ್ಲಿ ಶೂ. ನಂಬರ್ ಸಿಗದಿದ್ದರೆ ಅಂತ ಸೆಪ್ಟೆಂಬರ್‌ನಲ್ಲೇ ಅಂಗಡಿಯವರಿಗೆ ಹೇಳಿ ಇಡುತ್ತೇನೆ, ತರಿಸಿಕೊಡುತ್ತಾರೆ. ದೊಡ್ಡವನ ಶಾಲೆ ಸ್ಯಾಂಡಲ್‌ಗೆ ಒಪ್ಪುವುದಿಲ್ಲ. ಅವನಿಗೆ ಜೂನ್ ಮೂರನೇ ವಾರ, ಪಿವಿಸಿ ಸೋಲ್, ಲೇಸ್ ಇರುವ ಒಂದೇ ಜೊತೆ, ಮುಂದಿನ ಜೂನ್‌ವರೆಗೆ. ಹಳೇ ಶೂ ಬಿಗಿಯಾಗಿದ್ದ ವರ್ಷ ಮೇ ಮೂರನೇ ವಾರ. ಅಣ್ಣನ ಶೂ ತಂಗಿಗೆ ಇಡುವ ಯೋಚನೆ ಬಿಟ್ಟಿದ್ದೇನೆ. ಅಟ್ಟೆ ಅವನ ಕಾಲಿನ ಆಕಾರಕ್ಕೆ ಕುಗ್ಗಿರುತ್ತದೆ, ಶೂವಿನ ಹಿಮ್ಮಡಿ ಅವನ ನಡಿಗೆಗೆ ತಕ್ಕ ಹಾಗೆ ಸವೆದಿರುತ್ತದೆ.

ಏಪ್ರಿಲ್ ಡಿಸ್ಕೌಂಟ್ ಹಾಗಾದರೆ ಯಾರಿಗೆ? ನಮ್ಮ ಅಕ್ಕನ ಮಗಳಿಗೆ. ಈ ವರ್ಷ ಅವಳು ಹತ್ತನೇ ಕ್ಲಾಸಿಗೆ. ಹೆಣ್ಣುಮಕ್ಕಳ ಪಾದದ ಬೆಳವಣಿಗೆ ಹದಿಮೂರು ಹದಿನಾಲ್ಕರ ಹೊತ್ತಿಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ಗಂಡುಮಕ್ಕಳದ್ದು ಇನ್ನೊಂದೆರಡು ವರ್ಷ ನಡೆಯುತ್ತದೆ. ಅವಳ ನಂಬರ್ ಎರಡು ವರ್ಷದಿಂದ ಬದಲಾಗಿಲ್ಲ. ರಜೆ ಶುರುವಾದ ವಾರವೇ ಅಕ್ಕ ಹೋಗಿ, ಡಬ್ಬದ ತಿಂಗಳು ನೋಡಿ, ಮಗಳನ್ನು ಕರೆದುಕೊಂಡು ಹೋಗದೇ ತಂದರು. ಸರಿಯಾಗಿ ಕೂತಿತು.