ಟಿಮಕ್ಸಿನೇಟರ್: ಕರೆಂಟ್ ಹೋಗುವ ಊರಿನವರಿಗೆ ಹೇಳಿಮಾಡಿಸಿದ್ದು

ತೀರ್ಥಹಳ್ಳಿಯಲ್ಲಿ ಕೂತು ಕೋಡ್ ಬರೆಯುವವರಿಗೆ ಮಳೆಗಾಲದ ಕರೆಂಟ್ ಕಥೆ ಹೇಳಬೇಕಾ? ಯುಪಿಎಸ್ ಕೈಕೊಟ್ಟು ಡೆಸ್ಕ್‌ಟಾಪ್ ಆಫ್ ಆದರೆ ಟಿಮಕ್ಸ್ (ಒಂದೇ ಟರ್ಮಿನಲ್ ಅನ್ನು ಹಲವು ವಿಂಡೋ, ಭಾಗ ಮಾಡಿಕೊಡುವ ಪ್ರೋಗ್ರಾಂ) ಸೆಷನ್‌ಗಳೂ ಹೋದ ಹಾಗೆಯೇ. ಮತ್ತೆ ಒಂದು ಕಡೆ ಎಡಿಟರ್, ಇನ್ನೊಂದು ಕಡೆ ಸರ್ವರ್, ಮೂಲೆಯಲ್ಲಿ ಲಾಗ್ ಅಂತ ಎಲ್ಲಾ ಒಂದೊಂದಾಗಿ ತೆರೆಯುವುದು ಯಾರಿಗೆ ಬೇಕು ಹೇಳಿ. ಅದನ್ನೆಲ್ಲ ತಾನೇ ತೆರೆದುಕೊಡುವ ಈ ಉಚಿತ ಟಿಮಕ್ಸಿನೇಟರ್‌ಗೆ ಪ್ರಾಜೆಕ್ಟಿಗೊಂದು ಯಾಮಲ್ ಫೈಲ್ (ಸೆಟ್ಟಿಂಗ್ ಬರೆದಿಡುವ ಸಾದಾ ಟೆಕ್ಸ್ಟ್ ಫೈಲ್) ಬರೆದಿಟ್ಟರೆ ಸಾಕು. ಯಾವ ಫೋಲ್ಡರ್, ಯಾವ ವಿಂಡೋದಲ್ಲಿ ಎಷ್ಟು ಪೇನ್ (ಅಂದರೆ ಭಾಗ), ಯಾವುದರಲ್ಲಿ ಯಾವ ಕಮಾಂಡ್, ಎಲ್ಲಾ ಅದರಲ್ಲೇ. ಪ್ರಾಜೆಕ್ಟ್ ಹೆಸರು ಕೊಟ್ಟು ಸ್ಟಾರ್ಟ್ ಅಂದರೆ ಎಲ್ಲಾ ರೆಡಿ. ಯಾಮಲ್‌ನಲ್ಲಿ ಟ್ಯಾಬ್ ನಡೆಯುವುದಿಲ್ಲ, ಸ್ಪೇಸೇ ಆಗಬೇಕು, ಅದೊಂದು ಕಿರಿಕಿರಿ. ಸೇವ್ ಮಾಡದೇ ಬಿಟ್ಟದ್ದು ವಾಪಸ್ ಬರುವುದಿಲ್ಲ, ಅದು ಇದರ ಕೆಲಸವೂ ಅಲ್ಲ ಅನ್ನಿ. ಇದಕ್ಕೆ ರೂಬಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಂಡಿರಬೇಕು. ಸುಮ್ನೆ ಅದನ್ನೆಲ್ಲ ಯಾಕೆ ಹಾಕಿಕೊಳ್ಳುವುದು ಅನ್ನುವವರಿಗೆ ಇದೇ ಕೆಲಸ ಮಾಡುವ, ಪೈಥಾನ್‌ನ ಟಿಮಕ್ಸ್‌ಪಿ ಇದೆ.