ಡಿಸೆಬಿಲಿಟಿ ಪೆನ್ಷನ್ ಅಪೀಲು: ಪುಕ್ಕಟೆ ಸೇವೆ, ಐದಕ್ಕೆ ಮೂರು ಅಂಕ

ಕಾಯಿಲೆಯಿಂದ ಅಂಗವೈಕಲ್ಯ ಬಂದ ಸೈನಿಕರು ಕೇಳುವ ಪೆನ್ಷನ್ನೇ ಡಿಸೆಬಿಲಿಟಿ ಪೆನ್ಷನ್. ಅದಕ್ಕೆ ರೆಕಾರ್ಡ್ ಆಫೀಸು (ಸೈನಿಕರ ಸೇವಾ ದಾಖಲೆ ಇಡುವ ಕಚೇರಿ) ಕಳಿಸುವ ರಿಜೆಕ್ಟ್ ಪತ್ರದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಮಾತು: ಕಾಯಿಲೆ ಸರ್ವಿಸಿನಿಂದ ಬಂದದ್ದೂ ಅಲ್ಲ, ಸರ್ವಿಸಿನಿಂದ ಹೆಚ್ಚಾದದ್ದೂ ಅಲ್ಲ. ಇದರ ಮೇಲೆ ಸೇನೆಯೊಳಗೇ ಎರಡು ಅಪೀಲಿಗೆ ಅವಕಾಶವಿದೆ. ಫೀಸಿಲ್ಲ, ವಕೀಲರು ಬೇಕಿಲ್ಲ. ಮೈಸೂರಿನಿಂದಲೋ ಮಂಡ್ಯದಿಂದಲೋ ಒಂದು ಸ್ಪೀಡ್ ಪೋಸ್ಟ್ ಸಾಕು.

ಮೊದಲನೆಯದು ರಿಜೆಕ್ಟ್ ಪತ್ರ ಬಂದ ಆರು ತಿಂಗಳೊಳಗೆ. ಅದು ಬಿದ್ದುಹೋದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು. ಎರಡೂ ನಿಮ್ಮ ರೆಕಾರ್ಡ್ ಆಫೀಸಿನ ಮೂಲಕವೇ. ಸೈನಿಕ ಕಲ್ಯಾಣ ಕಚೇರಿಯವರನ್ನು ದಾರಿ ಕೇಳಬಹುದು, ತೀರ್ಮಾನ ಅವರ ಕೈಯಲ್ಲಿಲ್ಲ. ಅಲ್ಲಿ ಕೂಗಾಡಿ ಫಲವಿಲ್ಲ.

ಪೆನ್ನು ಹಿಡಿಯುವ ಮೊದಲು ರಿಲೀಸ್ ಮೆಡಿಕಲ್ ಬೋರ್ಡಿನ (ಬಿಡುಗಡೆಯ ವೇಳೆ ಸೇನೆಯ ಡಾಕ್ಟರು ಮಾಡುವ ತಪಾಸಣೆಯ) ವರದಿಯ ನಕಲು, ಅಂದರೆ ಎಎಫ್‌ಎಂಎಸ್‌ಎಫ್-16 ಎಂಬ ಫಾರಂ, ಮುಂದಿರಲಿ. ಇಲ್ಲವೆಂದರೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ. 30 ದಿನ ಗಡುವು. ಅದರಲ್ಲಿ ಕಾಯಿಲೆ ಮೊದಲು ಕಂಡ ತಾರೀಖು, ಜಾಗ ನೋಡಿ. ಆಮೇಲೆ ಡಾಕ್ಟರು ಬರೆದ ಕಾರಣ. ಬಿಪಿ ಕೇಸಾದರೆ ‘ಪೀಸ್ ಸ್ಟೇಷನ್ನಿನಲ್ಲಿ (ಗಡಿಯಿಂದ ದೂರದ ಶಾಂತ ಠಾಣೆಯಲ್ಲಿ) ಶುರುವಾಗಿದೆ’ ಎಂದಿರುವುದೇ ಹೆಚ್ಚು. ಬಹಳ ಜನ ಎಡವುವುದು ಇಲ್ಲೇ: ದೇಶಸೇವೆ, ಮನೆ ಕಷ್ಟ, ಮಗಳ ಮದುವೆ ಎಂದು ಎರಡು ಪುಟ ತುಂಬಿಸುತ್ತಾರೆ, ಆ ಒಂದು ಸಾಲಿಗೆ ಉತ್ತರವೇ ಇರುವುದಿಲ್ಲ. ಪೀಸ್‌ಗೆ ಬರುವ ಮುಂಚೆ ಯಾವ ಫೀಲ್ಡಿನಲ್ಲಿ (ಗಡಿಯಂಥ ಕಠಿಣ ಠಾಣೆಯಲ್ಲಿ), ಎಷ್ಟು ಎತ್ತರದಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದಿರಿ ಎಂಬುದನ್ನು ಬರೆಯಿರಿ. ಭರ್ತಿಯ ಮೆಡಿಕಲ್‌ನಲ್ಲಿ ಆ ಕಾಯಿಲೆಯ ಸೊಲ್ಲಿಲ್ಲವೇ? ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪನ್ನು ಹೆಸರಿಸಿ. ಆರೋಗ್ಯವಾಗಿಯೇ ಸೇರಿದ್ದ ಎಂದು ಹಿಡಿಯಬೇಕು, ಅಲ್ಲವೆಂದು ತೋರಿಸುವ ಹೊರೆ ಇಲಾಖೆಯದು ಎನ್ನುತ್ತದೆ ಅದು. 2023ರ ಸೆಪ್ಟೆಂಬರ್ 21ರಿಂದ ಈ ಪೆನ್ಷನ್ನಿಗೆ ಹೊಸ ನಿಯಮ ಬಂದಿದೆ. ಆಮೇಲೆ ಬಿಡುಗಡೆಯಾದವರು ಹಳಬರ ಅರ್ಜಿ ಕಾಪಿ ಹೊಡೆಯಬೇಡಿ.

ಬೋರ್ಡು ಬರೆದ ಅಂಗವೈಕಲ್ಯದ ಪರ್ಸೆಂಟೇಜನ್ನೂ ನೋಡಿಕೊಳ್ಳಿ. ಸರ್ವಿಸಿನ ಅವಧಿ ಮುಗಿಸಿ ಬಂದವರಿಗೆ ಬೋರ್ಡು ಶೇ. 20ಕ್ಕಿಂತ ಕಡಿಮೆ ಹಾಕಿದ್ದರೆ, ಕಾರಣವೊಂದನ್ನೇ ಪ್ರಶ್ನಿಸಿ ಗೆದ್ದರೂ ಕೈಗೆ ಕಾಸು ಬರುವುದಿಲ್ಲ. ಲೆಕ್ಕ ಹೀಗೆ: ಕೊನೆಯ ಸಂಬಳ 40,000 ಎನ್ನಿ. ಪೂರ್ತಿ ಶೇ. 100 ಅಂಗವೈಕಲ್ಯಕ್ಕೆ ಸಿಗುವುದು ಅದರ ಶೇ. 30, ಅಂದರೆ 12,000. ಬೋರ್ಡು ಶೇ. 30 ಕೊಟ್ಟಿದ್ದರೆ ತಿಂಗಳಿಗೆ 3,600. ರೌಂಡಿಂಗ್, ಅಂದರೆ ಪರ್ಸೆಂಟೇಜನ್ನು ಮೇಲಿನ ಹಂತಕ್ಕೆ ಏರಿಸುವುದು, ಸಿಕ್ಕರೆ ಅದೇ ಶೇ. 50 ಆಗಿ 6,000. ಅವಧಿ ಮುಗಿಸಿದವರಿಗೂ ರೌಂಡಿಂಗ್ ಸಲ್ಲುತ್ತದೆ ಎಂದದ್ದು ಸುಪ್ರೀಂ ಕೋರ್ಟಿನ 2014ರ ರಾಮ್ ಅವತಾರ್ ತೀರ್ಪು. ಆದರೆ ಅದು ದಕ್ಕಬೇಕಾದರೆ ಸಾಮಾನ್ಯವಾಗಿ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್‌ವರೆಗೆ ಹೋಗಬೇಕು. ಎರಡು ಅಂಕ ಕಳೆದದ್ದು ಇದಕ್ಕೇ. ಇತ್ಯರ್ಥವಾದ ವಿಷಯಕ್ಕೆ ವಯಸ್ಸಾದವರನ್ನು ಕಟಕಟೆಗೆ ಎಳೆಯುವುದು ಯಾವ ನ್ಯಾಯ?

ಅಪೀಲು ಹಾಕಿ ಆರು ತಿಂಗಳು ಕಳೆದರೂ ಉತ್ತರವಿಲ್ಲವೆಂದರೆ ಸುಮ್ಮನೆ ಕಾಯಬೇಡಿ, ಟ್ರಿಬ್ಯೂನಲ್ ಬಾಗಿಲು ತೆರೆದ ಹಾಗೆಯೇ. ಅಲ್ಲಿಗೂ ಆರು ತಿಂಗಳ ಮಿತಿ ಉಂಟು, ಹಾಗಾಗಿ ಸ್ಪೀಡ್ ಪೋಸ್ಟಿನ ರಸೀದಿಯನ್ನು ಅಪೀಲಿನ ನಕಲಿಗೇ ಪಿನ್ ಮಾಡಿಡಿ. ವರ್ಷಗಟ್ಟಲೆ ಬಿಟ್ಟು ಹೋದವರೂ ಗೆಲ್ಲುತ್ತಾರೆ, ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಗಿಂತ ಹಿಂದಿನ 3 ವರ್ಷದ್ದು ಮಾತ್ರ.