ಹಳೆ ಕಿಟಕಿಯ ಒಳಗೊಂದು ಹೊಸ ಕಿಟಕಿ: ಸದ್ದು ತಡೆಯಿತಾ?

ಮೊದಲು ತೀರ್ಪು, ಆಮೇಲೆ ವಿವರ. ರಸ್ತೆ ಬದಿಯ ಹಳೆ ಮನೆಯಲ್ಲಿ ಮಲಗುವ ಕೋಣೆಗೆ ಯುಪಿವಿಸಿ ಅಕೌಸ್ಟಿಕ್ ಕಿಟಕಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ, ಸದ್ದು ತಡೆಯುವ ಕಿಟಕಿ) ಹಾಕಿಸಬಹುದಾ ಅಂತ ಕೇಳಿದರೆ, ಧಾರಾಳವಾಗಿ ಹಾಕಿಸಿ. ಆದರೆ ಹಳೆ ಕಿಟಕಿ ಕೀಳಿಸಬೇಡಿ. ಅದು ಇರಲಿ, ಅದರ ಒಳಗೆ ಎರಡನೆಯದು ಬರಲಿ. ಸ್ಲೈಡಿಂಗ್ ಮಾತ್ರ ಬೇಡವೇ ಬೇಡ.

ನಮ್ಮ ಮನೆ ಬಸವನಗುಡಿಯಲ್ಲಿ, ಬುಲ್ ಟೆಂಪಲ್ ರಸ್ತೆಗೆ ಕೂಗಳತೆ ದೂರ. ತಾತ ಕಟ್ಟಿಸಿದ್ದು. ಮದ್ರಾಸ್ ತಾರಸಿ, ಹದಿನಾಲ್ಕು ಇಂಚಿನ ಇಟ್ಟಿಗೆ ಗೋಡೆ, ತೇಗದ ಚೌಕಟ್ಟು, ಕಬ್ಬಿಣದ ಸರಳು, ಮೇಲೊಂದು ಗವಾಕ್ಷಿ. ನನ್ನದು ಅಮೆರಿಕದ ಗಡಿಯಾರಕ್ಕೆ ಮಾಡುವ ಕೆಲಸ. ಊರು ಏಳುವ ಹೊತ್ತಿಗೆ ನಾನು ಮಲಗುತ್ತೇನೆ. ಆಗ ಶುರು: ಬಿಎಂಟಿಸಿ ಬಸ್ಸು, ಕಸದ ಗಾಡಿಯ ಹಾಡು, ಮೈಕ್ ಕಟ್ಟಿಕೊಂಡು ಬರುವ ತರಕಾರಿ ಗಾಡಿ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಬಂತೆಂದರೆ ಪೀಪಿ ಊದುವ ಮಕ್ಕಳದ್ದೇ ರಾಜ್ಯ. ದೊಡ್ಡವರೂ ಊದುತ್ತಾರೆ, ಅವರಿಗೆ ಏನು ಹೇಳೋಣ?

2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10ರ ತನಕ. ನನ್ನಂಥವರ ನಿದ್ದೆಗೆ ಕಾನೂನಿನಲ್ಲೂ ಜಾಗ ಇಲ್ಲ.

ಮೊದಲು ಬಂದ ಅಂಗಡಿಯವನು ತೇಗದ ಕಿಟಕಿ ಪೂರ್ತಿ ಕಿತ್ತು, ಡಬಲ್ ಗ್ಲೇಜ್ ಸ್ಲೈಡಿಂಗ್ ಹಾಕೋಣ ಅಂದ. ಡಬಲ್ ಗ್ಲೇಜ್ ಅಂದರೆ ಎರಡು ಗಾಜು, ನಡುವೆ ಅರ್ಧ ಇಂಚಿನಷ್ಟು ಗಾಳಿ. ಬಿಸಿಲಿಗೆ ಒಳ್ಳೆಯದು. ಆದರೆ ಬಸ್ಸಿನ ಎಂಜಿನ್ ಗುಡುಗುಡು ಅನ್ನುತ್ತದಲ್ಲ, ಆ ದಪ್ಪ ಸದ್ದಿಗೆ ಅಷ್ಟು ಸಣ್ಣ ಅಂತರ ಸಾಲುವುದಿಲ್ಲ. ಸ್ಲೈಡಿಂಗ್ ಕಿಟಕಿಯ ಅಂಚಿಗಂತೂ ಬ್ರಷ್ ಥರದ ಪಟ್ಟಿ ಇರುತ್ತದೆ, ಅಷ್ಟೇ. ಗಾಳಿ ನುಸುಳುವ ಕಡೆ ಸದ್ದೂ ನುಸುಳುತ್ತದೆ.

ಹಳೆ ಮನೆಗೆ ಒಂದು ಅನುಕೂಲ ಇದೆ. ಗೋಡೆ ದಪ್ಪ, ಹಾಗಾಗಿ ಗೋಡೆಯಿಂದ ಬರುವ ಸದ್ದು ಕಡಿಮೆ. ಬರುವುದೆಲ್ಲ ಕಿಟಕಿಯ ಸಂದು, ಗವಾಕ್ಷಿ, ಬಾಗಿಲ ಕೆಳಗಿನ ಜಾಗದಿಂದ. ಗೋಡೆ ದಪ್ಪ ಇರುವುದಕ್ಕೇ ಕಿಟಕಿ ಕಟ್ಟೆಯೂ ಅಗಲ. ಚೌಕಟ್ಟು ಹೊರಗಡೆಗೆ ಇದ್ದರೆ ಒಳಗೆ ಇನ್ನೊಂದು ಕೂರಿಸಲು ಬೇಕಾದಷ್ಟು ಜಾಗ. ನಮ್ಮಲ್ಲಿ ಎರಡು ಕಿಟಕಿಯ ನಡುವೆ ಐದು ಇಂಚು ಸಿಕ್ಕಿತು. ಕೆಲಸ ಮಾಡುವುದು ಆ ಐದು ಇಂಚಿನ ಗಾಳಿಯೇ.

ನಾವು ಹಾಕಿಸಿದ್ದು ಬಾಗಿಲಿನ ಹಾಗೆ ಒಳಕ್ಕೆ ತೆರೆಯುವ ಕೇಸ್‌ಮೆಂಟ್. ಸುತ್ತಲೂ ರಬ್ಬರ್ ಗ್ಯಾಸ್ಕೆಟ್. ಹಿಡಿ ತಿರುಗಿಸಿದರೆ ಮೂರು ಕಡೆ ಲಾಕ್ ಬಿದ್ದು, ಕದ ರಬ್ಬರಿಗೆ ಒತ್ತಿಕೊಳ್ಳುತ್ತದೆ. ಗಾಜು ಲ್ಯಾಮಿನೇಟೆಡ್: 6 ಮಿಲಿಮೀಟರಿನ ಎರಡು ಗಾಜು, ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ. ಕಾರಿನ ಮುಂದಿನ ಗಾಜಿನಲ್ಲೂ ಇರುವುದು ಇದೇ ಥರದ ಪದರ. ಗಾಜು ಸದ್ದಿಗೆ ಅದುರುವುದನ್ನು ಅದು ಹೀರಿಕೊಳ್ಳುತ್ತದೆ. ಗವಾಕ್ಷಿಗೂ ಅದೇ ಗಾಜು, ತೆರೆಯದ ಹಾಗೆ. ಬಾಗಿಲ ಕೆಳಗೆ ರಬ್ಬರ್ ಪಟ್ಟಿ. ಕಿಟಕಿ ಒಳಕ್ಕೆ ತೆರೆಯುವುದರಿಂದ ಪರದೆಯ ರಾಡನ್ನು ಮೇಲಕ್ಕೆ ಏರಿಸಬೇಕಾಯಿತು.

ವಸ್ತು ಚೆನ್ನಾಗಿದೆ. ಕೂರಿಸಿದ ರೀತಿ ಬಗ್ಗೆ ಮಾತ್ರ ತಕರಾರಿದೆ. ಅಂಗಡಿಯ ಹೆಸರು ಬೇಡ ಬಿಡಿ.

ಹಳೆ ಮನೆಯ ಕಿಟಕಿ ಜಾಗ ಸರಿಯಾದ ಚೌಕ ಇರುವುದಿಲ್ಲ. ಮೇಲೆ ಒಂದಳತೆ, ಕೆಳಗೆ ಇನ್ನೊಂದು. ಬಂದವರು ನಡುವೆ ಒಂದು ಕಡೆ ಟೇಪ್ ಹಿಡಿದು ಹೋದರು. ಫ್ರೇಮ್ ಬಂದಾಗ ಬಲಗಡೆಯ ಮೇಲಿನ ಮೂಲೆಯಲ್ಲಿ ಹೆಬ್ಬೆರಳು ತೂರುವಷ್ಟು ಸಂದು. ಅದಕ್ಕೆ ಫೋಮ್ ಊದಿ, ಮೇಲೆ ಬಿಳಿ ಸಿಲಿಕೋನ್ ಸವರಿ ಕೈ ಒರೆಸಿಕೊಂಡರು. "ಎಲ್ಲಾ ಕಡೆ ಹೀಗೇ ಸಾರ್ ಮಾಡೋದು" ಅಂದ ಮೇಸ್ತ್ರಿ. ನಾನು ದೇವರ ಮನೆಯಿಂದ ಊದುಬತ್ತಿ ತಂದು ಆ ಮೂಲೆಗೆ ಹಿಡಿದೆ. ನೆಟ್ಟಗೆ ಏಳುತ್ತಿದ್ದ ಹೊಗೆ ಅಲ್ಲಿ ತಟ್ಟನೆ ಬಾಗಿ ಕೋಣೆಯೊಳಗೆ ಹರಡಿತು. ಫೋಮ್ ಅಡಿಯಲ್ಲಿ ಎಲ್ಲೋ ತೂತು. ಇಲ್ಲದಿದ್ದರೂ ಅದು ಹಗುರ, ಅದೊಂದನ್ನೇ ನಂಬಿದರೆ ಸದ್ದು ನಿಲ್ಲುವುದಿಲ್ಲ. ಮೇಸ್ತ್ರಿ ಮರುಮಾತಾಡಲಿಲ್ಲ. ಅಂಗಡಿಯ ಓನರ್ ಮಾತ್ರ ನಾಳೆ, ನಾಡಿದ್ದು ಅಂತ ಸತಾಯಿಸಿದರು. ಬಾಕಿ ದುಡ್ಡು ನನ್ನ ಹತ್ತಿರವೇ ಇದ್ದದ್ದರಿಂದ ಕೊನೆಗೆ ಗಾರೆಯವನನ್ನು ಕಳಿಸಿದರು. ಅವನು ಫೋಮ್ ಕೆರೆದು, ಸಿಮೆಂಟ್ ಗಾರೆ ತುಂಬಿ, ಒಣಗಿದ ಮೇಲೆ ಸೀಲಂಟ್ ಹಾಕಿದ. ಅವತ್ತಿಗೂ ಮಾರನೆ ದಿನಕ್ಕೂ ಕಿವಿಗೇ ವ್ಯತ್ಯಾಸ ಗೊತ್ತಾಯಿತು.

ಮೊದಲು ಬಸ್ ಹೋದಾಗ ಸದ್ದು ಅಳೆಯುವ ಫೋನಿನ ಆಪ್‌ನಲ್ಲಿ 65 ಡೆಸಿಬಲ್ ದಾಟುತ್ತಿತ್ತು. ಈಗ 45ರ ಆಸುಪಾಸು. ಫೋನಿನ ಅಂಕಿಯನ್ನು ಪೂರ್ತಿ ನಂಬಬೇಕಿಲ್ಲ, ಆದರೆ ಎರಡು ಸಲವೂ ಅದೇ ಫೋನು, ಅದೇ ಜಾಗ. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧದಷ್ಟಾಗಿ ಕೇಳುತ್ತದೆ. ಅಂದಮೇಲೆ ಇದು ಸಣ್ಣ ವ್ಯತ್ಯಾಸ ಅಲ್ಲ. ಹಾರ್ನು, ಮೈಕಿನ ತರಕಾರಿಯವನು, ಪೀಪಿ, ಇವೆಲ್ಲ ಹೆಚ್ಚುಕಡಿಮೆ ಮಾಯ. ಗಣೇಶನ ಪೆಂಡಾಲಿನ ಸ್ಪೀಕರ್ ಮಾತ್ರ ಬಗ್ಗಲಿಲ್ಲ. ಹಾಡು ಕೇಳುವುದಿಲ್ಲ, ಢಬ್ ಢಬ್ ಎದೆಗೆ ಬಂದು ಬಡಿಯುತ್ತದೆ. ಅದನ್ನು ಯಾವ ಕಿಟಕಿಯವನು ನಿಲ್ಲಿಸುತ್ತೇನೆ ಅಂದರೂ ನಂಬಬೇಡಿ. ಆನ್‌ಲೈನ್‌ನಲ್ಲಿ ಸಿಗುವ ಮೊಟ್ಟೆ ಟ್ರೇ ಥರದ ಫೋಮ್ ಹಾಳೆಗೂ ಸುಮ್ನೆ ದುಡ್ಡು ಸುರಿಯಬೇಡಿ. ಅದು ಕೋಣೆಯ ಪ್ರತಿಧ್ವನಿ ಕಡಿಮೆ ಮಾಡುತ್ತದೆಯೇ ಹೊರತು ಹೊರಗಿನದನ್ನು ತಡೆಯುವುದಿಲ್ಲ.

ದೊಡ್ಡ ಕೊರತೆ ಗಾಳಿಯದು. ಸದ್ದು ಬರದಂತೆ ಮುಚ್ಚಿದರೆ ಗಾಳಿಯೂ ಬರುವುದಿಲ್ಲ, ಫ್ಯಾನು ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಸೆಕೆ ಜಾಸ್ತಿ. ಹಿತ್ತಲ ಕಡೆಯ ಕಿಟಕಿಯನ್ನು ಮುಚ್ಚದೆ ಬಿಟ್ಟಿದ್ದೇನೆ. ಆ ಕಡೆ ತೆಂಗಿನ ಮರ, ಪಕ್ಕದ ಮನೆಯ ಕುಕ್ಕರ್ ಬಿಟ್ಟರೆ ಬೇರೆ ಗಲಾಟೆ ಇಲ್ಲ. ಹಿತ್ತಲು ಇಲ್ಲದವರು ಇದನ್ನು ಮೊದಲೇ ಯೋಚಿಸಿ. ಎರಡು ಕಿಟಕಿಯ ನಡುವೆ ಧೂಳೂ ಕೂರುತ್ತದೆ. ಒಳಗಿನದನ್ನು ತೆರೆದು, ಸರಳುಗಳ ಮಧ್ಯೆ ಕೈ ತೂರಿಸಿ ಒರೆಸಬೇಕು.

ಖರ್ಚು: ಚದರ ಅಡಿಗೆ 1,400 ರೂಪಾಯಿ ಬಿತ್ತು. ಎರಡು ಕಿಟಕಿ, ಎರಡು ಗವಾಕ್ಷಿ, ಮೇಲೆ 18% ಜಿಎಸ್‌ಟಿ ಸೇರಿ ಎಪ್ಪತ್ತು ಸಾವಿರದೊಳಗೆ ಮುಗಿಯಿತು. ಹಾಲ್‌ಗೂ ಹಾಕಿಸೋಣ ಅಂದೆ. ಅಮ್ಮ ಒಪ್ಪಲಿಲ್ಲ. "ಬೇಡ ಕಣೋ, ಹೂವಿನವಳು ಕೂಗಿದ್ದು ನಂಗೆ ಕೇಳಿಸಬೇಡ್ವಾ?" ಅಂದರು. ಹಾಲ್ ಹಾಗೇ ಇದೆ.